ಎಲುಬಿನ ಮದ್ದು: ಮಗಳಿಗೊಂದು ಪತ್ರ

ಕುಂಜಿಬೆಟ್ಟು, ಉಡುಪಿ
ಆಟಿ ತಿಂಗಳು

ಚಿ. ಸೌ. ಸುಪ್ರಿಯಾಗೆ ಅಮ್ಮನ ಆಶೀರ್ವಾದ.

ಫೋನಿನಲ್ಲಿ ಈ ವಿಷಯ ನಿನ್ನ ಹತ್ತಿರ ಮಾತಾಡಿ ಮುಗಿಯುವಂಥದ್ದಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ನೀನು ಮದ್ದು ಬೇಡವೆನ್ನುವ ಮತ್ತೊಂದು ವಿಡಿಯೊ ಕಳಿಸಿರುತ್ತೀ. ಹಾಗಾಗಿ ಬರೆಯುತ್ತಿದ್ದೇನೆ. ಪೂರ್ತಿ ಓದು, ಆಮೇಲೆ ಬೇಕಾದರೆ ಜಗಳಕ್ಕೆ ಬಾ. ಎಲುಬಿನ ಮದ್ದು ತೆಗೆದುಕೊಳ್ಳುವುದೆಂದು ನಿಶ್ಚಯ ಮಾಡಿದ್ದೇನೆ. ವರ್ಷಕ್ಕೊಮ್ಮೆ ಡ್ರಿಪ್ ಹಾಕುತ್ತಾರಲ್ಲ, ಆ ಝೋಲೆಡ್ರೋನಿಕ್ ಆಸಿಡ್. ಡಾಕ್ಟ್ರು ಹೇಳಿದರೆಂದು ತಲೆಯಾಡಿಸಿ ಬಂದದ್ದಲ್ಲ, ಕೂತು ಲೆಕ್ಕ ಹಾಕಿಯೇ ಒಪ್ಪಿದ್ದು.

ನೀನು ಇದನ್ನು ಕಳೆದ ಮಳೆಗಾಲದಲ್ಲಿ ಮುರಿದ ಮುಂಗೈಯ ಕತೆ ಎಂದುಕೊಂಡಿದ್ದೀ. "ಪಾಚಿಯಲ್ಲಿ ಜಾರಿದರೆ ಯಾರ ಕೈಯಾದರೂ ಮುರಿಯುತ್ತದೆ ಅಮ್ಮಾ" ಅಂದೆ. ಹಾಗಲ್ಲ ಮಾರಾಯ್ತಿ. ನಿಂತಲ್ಲಿಂದ ನೆಲಕ್ಕೆ ಬಿದ್ದದ್ದಕ್ಕೇ ಎಲುಬು ಮುರಿದರೆ ಡಾಕ್ಟ್ರುಗಳು ಅದನ್ನು ಎಲುಬೇ ದುರ್ಬಲ ಎಂಬ ಲೆಕ್ಕಕ್ಕೆ ಹಿಡಿಯುತ್ತಾರೆ. ಕೈಗಿಂತ ದೊಡ್ಡ ವಿಷಯ ಬೆನ್ನಿನದ್ದು. ಈಚೆಗೆ ನನ್ನ ಸೀರೆಯ ಅಂಚು ನೆಲ ಗುಡಿಸುತ್ತಿತ್ತು. ಹಳೆಯ ಸೀರೆ, ಒಗೆದು ಒಗೆದು ಜಗ್ಗಿರಬೇಕೆಂದು ಸ್ವಲ್ಪ ಮೇಲೆ ಸಿಕ್ಕಿಸಿಕೊಳ್ಳುತ್ತಿದ್ದೆ. ಡಾಕ್ಟ್ರು ಎತ್ತರ ಅಳೆದು "ಮೊದಲು ಎಷ್ಟಿದ್ರಿ?" ಎಂದು ಕೇಳಿದರು. ಪೆನ್ಶನ್ ಕಾಗದದ ಕಟ್ಟಿನಲ್ಲಿ ಸರ್ವಿಸ್ ರಿಜಿಸ್ಟರಿನ ಜೆರಾಕ್ಸ್ ಉಂಟಲ್ಲ, ಅದರಲ್ಲಿ ನೋಡಿದೆ. ಟೀಚರಾಗಿ ಸೇರಿದಾಗ 157 ಸೆಂಟಿಮೀಟರ್, ಈಗ 152. ನಾಲ್ಕಕ್ಕಿಂತ ಹೆಚ್ಚು ಇಳಿದಿದ್ದರೆ ಬೆನ್ನಿನ ಎಕ್ಸ್‌ರೇ ತೆಗೆದು ನೋಡಬೇಕಂತೆ. ತೆಗೆದರೆ, ಪಕ್ಕೆಲುಬುಗಳು ಮುಗಿಯುವಲ್ಲಿ ಬೆನ್ನುಮೂಳೆಯ ಒಂದು ಮಣಿ ಮುಂದಿನ ಬದಿಯಲ್ಲಿ ಕುಸಿದು ಕೂತಿತ್ತು. ಅದು ಯಾವಾಗ ಆಯಿತೋ ನನಗೇ ಗೊತ್ತಿಲ್ಲ. ಬೆನ್ನಿನ ಇಂಥ ಮುರಿತಗಳಲ್ಲಿ ಹೆಚ್ಚಿನವು ಯಾರ ಗಮನಕ್ಕೂ ಬರುವುದಿಲ್ಲವಂತೆ. ಸೊಂಟನೋವು ಎಂದು ಎಣ್ಣೆ ತಿಕ್ಕಿ ಬಿಸಿನೀರು ಹಾಕಿಕೊಂಡು ಸುಮ್ಮನಾಗಿದ್ದ ಯಾವುದೋ ವಾರ ಅದು.

ಎಲುಬಿನ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನಿನ ಚೀಟಿ ನಿನಗೆ ಕಳಿಸಿದ್ದೆ. ಬೆನ್ನಿನದ್ದು ಮೈನಸ್ 2.9, ತೊಡೆಯೆಲುಬು ಸೊಂಟಕ್ಕೆ ಸೇರುವಲ್ಲಿನ ಕುತ್ತಿಗೆಯದ್ದು ಮೈನಸ್ 2.4. ಪ್ರಾಯದ ಆರೋಗ್ಯವಂತ ಹೆಂಗಸಿನ ಎಲುಬನ್ನು ಸೊನ್ನೆಯಲ್ಲಿಟ್ಟು, ಅಲ್ಲಿಂದ ನಮ್ಮದು ಎಷ್ಟು ಕೆಳಗೆ ಎಂದು ಅಳೆಯುವುದು. ಮೈನಸ್ 2.5 ಮತ್ತು ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೊಪೊರೋಸಿಸ್, ಅಂದರೆ ಎಲುಬು ಸವೆದು ದುರ್ಬಲವಾಗುವ ರೋಗ, ಎಂದು 1994ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಗೆರೆ ಎಳೆದಿತ್ತು. "ಗೆರೆಯಿಂದ ಸ್ವಲ್ಪವೇ ಕೆಳಗಲ್ವಾ" ಎಂದು ನೀನು ಚೌಕಾಶಿ ಮಾಡಿದೆ. ಆದರೆ ಬೆನ್ನಿನ ಮಣಿ ತಾನಾಗಿ ಕುಸಿದಿದೆ ಎಂದಾದ ಮೇಲೆ ನಂಬರು ಎಷ್ಟೇ ಇರಲಿ, ಮದ್ದು ಬೇಕೆಂಬುದಕ್ಕೆ ಅದೊಂದೇ ಸಾಕು. ಒಂದು ಕುಸಿದವರಿಗೆ ಇನ್ನೊಂದು ಕುಸಿಯುವ ಸಂಭವ ಹೆಚ್ಚು. (ಸಭಾಭವನದಲ್ಲಿ ಫ್ರೀ ಕ್ಯಾಂಪ್ ಮಾಡಿ ಹಿಮ್ಮಡಿಯನ್ನು ಮಿಷನ್ನಿನಲ್ಲಿಟ್ಟು ನೋಡುತ್ತಾರಲ್ಲ, ಅದರಿಂದ ಈ ರೋಗ ಉಂಟು ಇಲ್ಲ ಎಂದು ತೀರ್ಮಾನಿಸಲಿಕ್ಕೆ ಬರುವುದಿಲ್ಲ. ನಿನ್ನ ಅತ್ತೆಯವರು ಅಲ್ಲಿ "ನಾರ್ಮಲ್" ಎಂದು ಬರೆಸಿಕೊಂಡು ಬಂದು ನಿಶ್ಚಿಂತೆಯಲ್ಲಿದ್ದಾರೆ. ನಯವಾಗಿ ಹೇಳು.)

ಮದ್ದು ಯಾಕೆ, ರಾಗಿ ಸಾಲದಾ ಎಂಬ ನಿನ್ನ ಮಾತಿಗೆ ಈಗ ಬರುತ್ತೇನೆ. ರಾಗಿಯನ್ನು ನಾನು ಬಿಟ್ಟಿಲ್ಲ, ಬಿಡುವುದೂ ಇಲ್ಲ. ನೂರು ಗ್ರಾಂ ಹಿಟ್ಟಿನಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಉಂಟು, ಸರಿ. ಒಂದು ಲೋಟ ಅಂಬಲಿಗೆ ನಾನು ಹಾಕುವುದು ಎರಡು ಚಮಚ ಹಿಟ್ಟು. ನನ್ನ ವಯಸ್ಸಿನವರಿಗೆ ದಿನಕ್ಕೆ 1,200 ಮಿಲಿಗ್ರಾಂ ಬೇಕು. ಹಾಲು, ಮಜ್ಜಿಗೆ, ನುಗ್ಗೆಸೊಪ್ಪು, ಮುಳ್ಳು ಸಮೇತ ಅಗಿದು ನುಂಗುವ ಸಣ್ಣ ಬೂತಾಯಿ, ಎಲ್ಲ ಸೇರಿಸಿದರೂ ಕಡಿಮೆ ಬೀಳುತ್ತದೆ. ಆ ಕೊರತೆಗೆ ಊಟವಾದ ಮೇಲೆ ಒಂದು ಮಾತ್ರೆ. ವಿಟಮಿನ್ ಡಿ ತಳ ಹಿಡಿದಿತ್ತು. ಕಡಲ ತಡಿಯಲ್ಲಿ ಇಷ್ಟು ಬಿಸಿಲಿದ್ದೂ ಹೀಗೆ! ನಾವು ಬಿಸಿಲಿಗೆ ಹೊರಡುವುದೇ ಕೊಡೆ ಹಿಡಿದು ತಾನೆ. ವಾರಕ್ಕೊಂದರಂತೆ 60,000 ಯೂನಿಟಿನ ಪುಡಿ ಹಾಲಿಗೆ ಹಾಕಿ ಕುಡಿದು ಅದನ್ನು ಮೇಲೆ ತಂದದ್ದಾಯಿತು. ಅದು ಸರಿಯಾಗದೆ ಡ್ರಿಪ್ ಹಾಕುವ ಹಾಗೇ ಇಲ್ಲ, ರಕ್ತದ ಕ್ಯಾಲ್ಸಿಯಂ ಇಳಿದುಬಿಡುತ್ತದೆ.

ಆದರೆ ಇದೆಲ್ಲ ಸಾಮಾನು ಒದಗಿಸಿದ ಹಾಗಾಯಿತು, ಅಷ್ಟೆ. ಎಲುಬು ಒಂದು ಕಡೆ ಕರಗುತ್ತ ಇನ್ನೊಂದು ಕಡೆ ಕಟ್ಟುತ್ತ ಇರುತ್ತದೆ. ಮುಟ್ಟು ನಿಂತ ಮೇಲೆ ಕರಗಿಸುವ ಜೀವಕೋಶಗಳದ್ದೇ ಮೇಲುಗೈ, ಕಟ್ಟುವವು ಹಿಂದೆ ಬೀಳುತ್ತವೆ. ನಾನು ಎಷ್ಟು ರಾಗಿ ತಿಂದರೂ ಆ ಕರಗಿಸುವವುಗಳ ಕೈ ಕಟ್ಟುವುದಿಲ್ಲ. ಮದ್ದು ಮಾಡುವ ಕೆಲಸ ಅದು.

ಡಾಕ್ಟ್ರು ಮುಂದಿಟ್ಟ ಮದ್ದು ಒಂದೇ ಅಲ್ಲ. ಯಾವುದು ಜೋರು ಎಂದು ನಾನು ಕೇಳಲಿಲ್ಲ. "ಇದನ್ನು ನಿಲ್ಲಿಸುವುದು ಹೇಗೆ?" ಎಂದು ಕೇಳಿದೆ. ಅವರಿಗೆ ನಗು ಬಂತು. ಶುರು ಮಾಡುವ ಮೊದಲೇ ನಿಲ್ಲಿಸುವ ಮಾತು ಯಾರೂ ಆಡುವುದಿಲ್ಲವಂತೆ. ಆದರೆ ನನ್ನ ತೀರ್ಮಾನ ಆದದ್ದು ಆ ಪ್ರಶ್ನೆಯಿಂದಲೇ.

ವಾರಕ್ಕೊಂದು ನುಂಗುವ ಅಲೆಂಡ್ರೋನೇಟ್ 70 ಮಿಲಿಗ್ರಾಂ ಎಲ್ಲರಿಗೂ ಮೊದಲು ಹೇಳುವ ಮದ್ದು. ಬೆಳಿಗ್ಗೆ ಎದ್ದು ಖಾಲಿ ಹೊಟ್ಟೆಗೆ, ಒಂದು ದೊಡ್ಡ ಲೋಟ ಬರೀ ನೀರಿನಲ್ಲಿ. ಆಮೇಲೆ ಅರ್ಧ ಗಂಟೆ ಕಾಪಿ ಇಲ್ಲ, ತಿಂಡಿ ಇಲ್ಲ, ಮಲಗುವ ಹಾಗಿಲ್ಲ. ಮಾತ್ರೆ ಅನ್ನನಾಳದಲ್ಲಿ ನಿಂತರೆ ಅಲ್ಲೇ ಹುಣ್ಣು ಮಾಡುತ್ತದೆ. ಕಾಪಿಯನ್ನು ಅರ್ಧ ಗಂಟೆ ಹಿಂದೆ ಹಾಕಿಯೇನು, ಅದು ದೊಡ್ಡದಲ್ಲ. ನನಗೆ ಹುಳಿತೇಗು, ಎದೆಯುರಿ ಇರುವುದು ನಿನಗೆ ಗೊತ್ತುಂಟು. ಅನ್ನನಾಳದ ತೊಂದರೆ ಇದ್ದವರಿಗೆ ಆ ಮಾತ್ರೆ ಹೇಳಿದ್ದಲ್ಲ.

ನೀನು ಓದಿ ಮೆಚ್ಚಿದ ಆರು ತಿಂಗಳಿಗೊಮ್ಮೆಯ ಚುಚ್ಚುಮದ್ದು ಡೆನೊಸುಮ್ಯಾಬ್. ಚರ್ಮದಡಿಗೆ ಸಣ್ಣ ಸೂಜಿ, ಕಿಡ್ನಿ ದುರ್ಬಲ ಇದ್ದವರಿಗೂ ಆಗುತ್ತದೆ, ಎಲುಬಿನ ಸಾಂದ್ರತೆ ಚೆನ್ನಾಗಿ ಏರುತ್ತದೆ. ಒಳ್ಳೆಯ ಮದ್ದೇ. ಆದರೆ ನಿಲ್ಲಿಸಿದರೆ? ಅದರ ಅಂಶ ಎಲುಬಿನಲ್ಲಿ ಉಳಿಯುವುದಿಲ್ಲ. ಮುಂದಿನ ಡೋಸು ತಿಂಗಳುಗಟ್ಟಲೆ ತಡವಾದರೆ ತಡೆಹಿಡಿದದ್ದೆಲ್ಲ ಒಮ್ಮೆಗೇ ನುಗ್ಗಿ ಎಲುಬು ಬೇಗ ಬೇಗ ಕರಗುತ್ತದೆ. ಕೆಲವರಿಗೆ ಬೆನ್ನಿನ ಎರಡು ಮೂರು ಮಣಿಗಳು ಒಟ್ಟಿಗೇ ಕುಸಿದದ್ದುಂಟು. ನಿಲ್ಲಿಸಬೇಕಾದರೆ ಇನ್ನೊಂದು ಮದ್ದು ಹಿಡಿದೇ ನಿಲ್ಲಿಸಬೇಕು. 2020ರ ಲಾಕ್‌ಡೌನಿನಲ್ಲಿ ಇಲ್ಲಿ ಬಸ್ಸೇ ಇರಲಿಲ್ಲ, ನೆನಪುಂಟಾ? ನೀವಿಬ್ಬರೂ ಹೊರಗೆ, ನಾವಿಬ್ಬರೂ ಮುದುಕರು ಇಲ್ಲಿ. ತಾರೀಕು ತಪ್ಪಿದರೆ ದಂಡ ಹಾಕುವ ಮದ್ದು ನಮ್ಮಂಥ ಮನೆಗೆ ಬೇಡ ಅನ್ನಿಸಿತು. ದಿನಾ ಚುಚ್ಚಿಕೊಳ್ಳುವ ಟೆರಿಪ್ಯಾರಟೈಡ್ ಹೊಸ ಎಲುಬನ್ನೇ ಕಟ್ಟುವಂಥದ್ದು; ಡ್ರಿಪ್ ಹಾಕಿಯೂ ಮತ್ತೆ ಮುರಿದರೆ ಅದನ್ನು ನೋಡುವ ಅಂದಿದ್ದಾರೆ.

ಝೋಲೆಡ್ರೋನಿಕ್ ಆಸಿಡ್ ಎಲುಬಿಗೆ ಅಂಟಿಕೊಂಡು ವರ್ಷಗಟ್ಟಲೆ ಉಳಿಯುತ್ತದೆ. ಒಂದೆರಡು ತಿಂಗಳು ಹಿಂದೆಮುಂದೆ ಆದರೆ ಆಕಾಶ ಕಳಚಿ ಬೀಳುವುದಿಲ್ಲ. ಮೂರು ಡೋಸು ಆದ ಮೇಲೆ ಮತ್ತೆ ಸ್ಕ್ಯಾನ್ ಮಾಡಿ, ಮುಂದುವರಿಸುವುದಾ, ಕೆಲವು ವರ್ಷ ಬಿಡುವು ಕೊಡುವುದಾ ಎಂದು ನೋಡುತ್ತಾರೆ. ಬಿಡುವು ಸಿಗುವ ಮದ್ದು ಎಂಬುದೇ ನನಗೆ ಹಿಡಿಸಿದ್ದು.

ನಾನು ಗಣಿತದ ಟೀಚರ್ ಆಗಿದ್ದವಳು, "ಅಪಾಯ ಇಷ್ಟು ಪರ್ಸೆಂಟ್ ಕಡಿಮೆ" ಎಂದರೆ ಯಾವುದರ ಪರ್ಸೆಂಟ್ ಎಂದು ಕೇಳದೆ ಬಿಡುವುದಿಲ್ಲ. ಜೊತೆಗಿದ್ದ ಚಿಕ್ಕ ಡಾಕ್ಟ್ರು ಪಾಪ, ಮೊಬೈಲಿನಲ್ಲೇ ತೆಗೆದು ತೋರಿಸಿದರು. 2007ರಲ್ಲಿ ಪ್ರಕಟವಾದ, ಈ ಡ್ರಿಪ್ಪಿನದ್ದೇ ಪರೀಕ್ಷೆ ಅದು, 65 ದಾಟಿದ ಏಳೂವರೆ ಸಾವಿರಕ್ಕೂ ಹೆಚ್ಚು ಹೆಂಗಸರು, ಮೂರು ವರ್ಷ. ಬರೀ ನೀರಿನಂಥ ಡ್ರಿಪ್ ಹಾಕಿದ ನೂರು ಜನರಲ್ಲಿ ಸುಮಾರು 11 ಮಂದಿಗೆ ಬೆನ್ನಿನ ಮಣಿ ಹೊಸದಾಗಿ ಮುರಿಯಿತು, ಮದ್ದು ಹಾಕಿದವರಲ್ಲಿ 3 ಮಂದಿಗೆ. ಸೊಂಟದ ಮುರಿತ ಸಾವಿರಕ್ಕೆ 25 ಇದ್ದದ್ದು 14ಕ್ಕೆ ಇಳಿಯಿತು. ಎರಡನೆಯ ಲೆಕ್ಕ ಚಿಕ್ಕದಾಗಿ ಕಾಣುತ್ತದೆ, ಸರಿ. ಆದರೆ ಸೊಂಟ ಮುರಿದರೆ ಹೇಗಿರುತ್ತದೆಂದು ನಿನ್ನ ಅಜ್ಜಿಯನ್ನು ನೋಡಿಕೊಂಡ ನನಗೆ ಯಾರೂ ಹೇಳಬೇಕಾಗಿಲ್ಲ. ಬಚ್ಚಲಲ್ಲಿ ಬಿದ್ದವರು ಮತ್ತೆ ತಾವಾಗಿ ಬಚ್ಚಲಿಗೆ ಹೋಗಲೇ ಇಲ್ಲ.

ಅದೇ ಪರೀಕ್ಷೆಯಲ್ಲಿ ಮದ್ದು ಪಡೆದವರ ಪೈಕಿ ಹೃದಯದ ಬಡಿತ ಗಂಭೀರವಾಗಿ ಏರುಪೇರಾದವರು ಸಾವಿರಕ್ಕೆ 13, ಪಡೆಯದವರಲ್ಲಿ 5. ಇದನ್ನು ನಿನ್ನ ಒಂದು ವಿಡಿಯೊದಲ್ಲೂ ಹೇಳಿಲ್ಲ, ನಾನೇ ಹೇಳುತ್ತಿದ್ದೇನೆ ನೋಡು. ಆಮೇಲಿನ ಅಧ್ಯಯನಗಳೆಲ್ಲ ಇದಕ್ಕೆ ತಾಳೆಯಾಗಿಲ್ಲವಂತೆ. ಆದರೂ ಇಸಿಜಿ ತೆಗೆಸಿದೆ, ಸರಿಯಾಗಿಯೇ ಉಂಟು.

ಈ ಮದ್ದಿನಿಂದ ದವಡೆ ಎಲುಬು ಕೊಳೆಯುತ್ತದೆಂದು ನೀನು ಅತ್ತದ್ದಲ್ವಾ? ನೀನು ಕಳಿಸಿದ ಚಿತ್ರಗಳಲ್ಲಿರುವಂಥ ತೊಂದರೆ ಹೆಚ್ಚಾಗಿ ಬರುವುದು ಎಲುಬಿಗೆ ಕ್ಯಾನ್ಸರ್ ಹರಡಿದವರಿಗೆ. ಅವರಿಗೂ ಇದೇ ಮದ್ದು, ಆದರೆ ಮೂರು ನಾಲ್ಕು ವಾರಕ್ಕೊಮ್ಮೆ 4 ಮಿಲಿಗ್ರಾಂ. ನನಗೆ ವರ್ಷಕ್ಕೆ 5. ನನ್ನಂಥವರಲ್ಲಿ ಇದು ವರ್ಷಕ್ಕೆ ಹತ್ತು ಸಾವಿರ ಜನರಲ್ಲಿ ಒಬ್ಬರಿಗೋ, ಅದಕ್ಕಿಂತ ಕಡಿಮೆಯೋ. ಆ ಪರೀಕ್ಷೆಯಲ್ಲಿ ಮದ್ದಿನ ಗುಂಪಿನಲ್ಲಿ ಒಬ್ಬರಿಗೆ ಆಗಿತ್ತು, ಮದ್ದಿಲ್ಲದ ಗುಂಪಿನಲ್ಲೂ ಒಬ್ಬರಿಗೆ. ಹಾಗೆಂದು ನಾನು ಉಡಾಫೆ ಮಾಡಿಲ್ಲ. ಬಹಳ ದಿನದಿಂದ ಕಾಟ ಕೊಡುತ್ತಿದ್ದ ದವಡೆ ಹಲ್ಲನ್ನು ಮಣಿಪಾಲಕ್ಕೆ ಹೋಗಿ ಕೀಳಿಸಿದೆ, ಒಸಡು ಪೂರ್ತಿ ಕೂಡಲಿ ಎಂದು ಕಾದೆ. ಹಲ್ಲಿನ ಕೆಲಸವೆಲ್ಲ ಮೊದಲು, ಡ್ರಿಪ್ ಆಮೇಲೆ. ಇನ್ನೊಂದು ಅಪರೂಪದ್ದು ತೊಡೆಯೆಲುಬಿನ ನಡುವೆ ಬಿರುಕು ಬಿಡುವುದು, ಹೆಚ್ಚಾಗಿ ತುಂಬಾ ವರ್ಷ ತೆಗೆದುಕೊಂಡವರಿಗೆ. ತೊಡೆಯಲ್ಲೋ ತೊಡೆಸಂದಿಯಲ್ಲೋ ಬಿಡದ ನೋವು ಶುರುವಾದರೆ ತಡಮಾಡದೆ ಬರಬೇಕೆಂದಿದ್ದಾರೆ. ನನಗೆ ನೆನಪಿದ್ದರೂ ನೀನೂ ನೆನಪಿಟ್ಟುಕೋ.

ವರ್ಷಕ್ಕೊಮ್ಮೆ ಎಂಬುದು ಅಪ್ಪನಿಗೆ ಭಾರೀ ಖುಷಿ. "ಆಟಿ ಅಮಾಸೆಗೆ ಹಾಲೆ ಮರದ ಕಷಾಯ ಕುಡಿದ ಹಾಗೆ, ಒಮ್ಮೆ ಮುಖ ಹುಳಿ ಮಾಡಿದರೆ ವರ್ಷಪೂರ್ತಿ ಬಿಡುಗಡೆ" ಅನ್ನುತ್ತಾರೆ. ಕಷಾಯದ ಮೇಲೆ ಮೆಂತೆ ಗಂಜಿ ಸಿಗುತ್ತದೆ, ಡ್ರಿಪ್ಪಿನ ಮೇಲೆ ಪ್ಯಾರಾಸಿಟಮಾಲ್ ಎಂದೆ.

ಬೀಳದ ಹಾಗೆ ನೋಡಿಕೊಳ್ಳುವುದು ಮದ್ದಿನಷ್ಟೇ ಮುಖ್ಯ, ಅದರಲ್ಲಿ ನಿನ್ನದೂ ನನ್ನದೂ ಒಂದೇ ಅಭಿಪ್ರಾಯ. ಅಂಗಳದ ಪಾಚಿಗೆ ಬ್ಲೀಚಿಂಗ್ ಪುಡಿ ಹಾಕಿ ಉಜ್ಜಿಸಿ, ಬಾವಿಕಟ್ಟೆಯವರೆಗೆ ಅಡಿಕೆ ಸೋಗೆ ಹಾಸಿದ್ದಾಯಿತು. ಬಚ್ಚಲಿನಲ್ಲಿ ಹಿಡಿದುಕೊಳ್ಳಲು ಸ್ಟೀಲಿನ ಸರಳು ಹಾಕಿಸಿದ್ದೇವೆ. ಅಪ್ಪ ಅದರಲ್ಲಿ ಬೈರಾಸ ಒಣಗಿಸುತ್ತಾರೆ, ಅದಕ್ಕೊಂದು ಮಾತು ನೀನೇ ಹೇಳಬೇಕು. ಬಗ್ಗಿ ಹಿಡಿಸೂಡಿಯಲ್ಲಿ ಅಂಗಳ ಗುಡಿಸುವುದು ನಿಂತಿತು. ಗಿಡ್ಡ ಹಿಡಿ, ಇಡೀ ಬೆನ್ನು ಮುಂದಕ್ಕೆ ಬಾಗಿ ತಿರುಗಬೇಕು, ಕುಸಿದ ಮಣಿಯ ಮೇಲೇ ಭಾರ. ಈಗ ಹಿಡಿಸೂಡಿಗೆ ಉದ್ದದ ಕೋಲು ಕಟ್ಟಿ ನಿಂತೇ ಗುಡಿಸುವುದು. ಮಣೆಯಲ್ಲಿ ಕೂತು ಕಾಯಿ ಹೆರೆಯುವುದೂ ಇಲ್ಲ. ಯೋಗದ ಕ್ಲಾಸಿನಲ್ಲಿ ಪಶ್ಚಿಮೋತ್ತಾನಾಸನ ಬಿಟ್ಟೆ, ಗೋಡೆ ಹಿಡಿದು ಒಂಟಿ ಕಾಲಲ್ಲಿ ನಿಲ್ಲುವುದನ್ನು ಹೆಚ್ಚು ಮಾಡುತ್ತೇನೆ. ಸಿಟಿ ಬಸ್ಸಿನಲ್ಲಿ ಕಂಡಕ್ಟರ್ "ರೈಟ್ ಪೋಯಿ" ಅನ್ನುವ ಮೊದಲು ಸೀಟು ಹಿಡಿಯುವುದೊಂದು ನನ್ನ ಕೈಯಲ್ಲಿಲ್ಲ. ಹಾಗಾಗಿ ಈಗ ರಿಕ್ಷಾ.

ಬರುವ ಸೋಮವಾರ ಬೆಳಿಗ್ಗೆ ಡ್ರಿಪ್. ಕಿಡ್ನಿ ಹೇಗುಂಟೆಂದು ತಿಳಿಯುವ ಕ್ರಿಯಾಟಿನಿನ್ ರಕ್ತಪರೀಕ್ಷೆ ಆಗಿದೆ. ಮೊದಲೂ ಆಮೇಲೂ ಚೆನ್ನಾಗಿ ನೀರು ಕುಡಿಯಬೇಕು, ಹದಿನೈದು ನಿಮಿಷಕ್ಕಿಂತ ಬೇಗ ಹರಿಸುವ ಹಾಗಿಲ್ಲ. ಮೊದಲ ಡೋಸಿಗೆ ಮೂವರಲ್ಲಿ ಒಬ್ಬರಿಗೆ ಜ್ವರ, ಮೈಕೈ ನೋವು ಬರುತ್ತದೆ, ಎರಡು ಮೂರು ದಿನದಲ್ಲಿ ಇಳಿಯುತ್ತದೆ. ನನ್ನ ಸ್ವರ ಫೋನಿನಲ್ಲಿ ಕುಗ್ಗಿದ ಹಾಗೆ ಕೇಳಿದರೆ ಇದಕ್ಕೇ ಎಂದು ತಿಳಿ, ರಾತ್ರಿ ಬಸ್ಸು ಹತ್ತಿಬಿಡಬೇಡ. ಚೌತಿಗೆ ಹೇಗೂ ಬರುತ್ತೀಯಲ್ಲ.

ಇನ್ನು ನಿನ್ನ ವಿಷಯ. ನಿನಗೆ ನಲವತ್ತೆರಡು. ದಮ್ಮು ಜಾಸ್ತಿಯಾದಾಗಲೆಲ್ಲ ನಿನಗೆ ಸ್ಟೀರಾಯ್ಡ್ ಮಾತ್ರೆ ಬರೆದುಕೊಡುತ್ತಾರೆ. ಸೇದುವ ಇನ್‌ಹೇಲರಿನ ಬಗ್ಗೆ ಅಲ್ಲ ನಾನು ಹೇಳುತ್ತಿರುವುದು, ಅದನ್ನು ಹೆದರಿ ಬಿಟ್ಟೀಯ ಮತ್ತೆ. ಮಾತ್ರೆ ತಿಂಗಳುಗಟ್ಟಲೆ ಹೋದರೆ ಎಲುಬು ತೆಳುವಾಗುತ್ತದೆ. ಇಲ್ಲಿಯವರೆಗೆ ಎಷ್ಟು ಕೋರ್ಸ್ ತೆಗೆದುಕೊಂಡಿದ್ದೀ ಎಂದು ಹಳೆಯ ಚೀಟಿಗಳಿಂದ ಬರೆದು ತೆಗೆದು ನಿನ್ನ ಡಾಕ್ಟ್ರಿಗೆ ತೋರಿಸು. ಅಮ್ಮನಿಗೆ ಬೆನ್ನಿನ ಮಣಿ ಕುಸಿದಿದೆ, ಅಜ್ಜಿಗೆ ಸೊಂಟ ಮುರಿದಿತ್ತು ಎಂದೂ ಹೇಳು, ಕೇಳದಿದ್ದರೂ ಹೇಳು. ಡೆಕ್ಸಾ ಈಗಲೇ ಬೇಕಾ, ಮುಟ್ಟು ನಿಂತ ಮೇಲೆ ಸಾಕಾ ಎಂದು ಅವರು ನೋಡಲಿ. ಅವರು ಏನೆಂದರೆಂದು ನನಗೆ ಬರೆ. ವಿಡಿಯೊ ಬೇಡ.

ಅಳಿಯಂದಿರಿಗೆ ಕೇಳಿದೆನೆಂದು ಹೇಳು, ಮಕ್ಕಳಿಗೆ ಮುದ್ದು.

ಇಂತಿ,
ಅಮ್ಮ