ಬಾದಾಮಿಗೆ ಹೊರಡುವ ಮೊದಲು

ಗುಂಪಿನ ಎಲ್ಲರಿಗೂ ನಮಸ್ಕಾರ. ಭಾನುವಾರ ಬಾದಾಮಿಗೆ ಹೊರಡುವವರಿಗೆ ಒಂದು ವಿನಂತಿ. ಅಲ್ಲಿನ ಗುಹಾಲಯಗಳಲ್ಲಿ ಮೊದಲನೆಯದರ ಹದಿನೆಂಟು ತೋಳುಗಳ ನಟರಾಜನ ಮುಂದೆ ಫೋಟೊ ತೆಗೆಸಿಕೊಂಡು ಹಿಂತಿರುಗಿಬಿಡಬೇಡಿ. ಹೋದ ಸಲ ನಾನು ಮಾಡಿದ ತಪ್ಪು ಅದೇ.

ಮೂರನೆಯ ಗುಹೆಗೆ ಸಮಯ ಇಟ್ಟುಕೊಳ್ಳಿ. ಚಾಲುಕ್ಯ ಅರಸು ಮನೆತನದ ಮಂಗಳೇಶ ಅದನ್ನು ಕೊರೆಯಿಸಿದ್ದು ಶಕ ವರ್ಷ 500, ಅಂದರೆ ಕ್ರಿ.ಶ. 578ರಲ್ಲಿ ಎಂದು ಅಲ್ಲಿನ ಶಾಸನವೇ ಹೇಳುತ್ತದೆ. ಸೂರಿನ ಒಳಬಾಗಿನಲ್ಲಿ ಹಳೆಯ ವರ್ಣಚಿತ್ರಗಳ ಚೂರುಪಾರು ಉಳಿದಿದೆ. ಕತ್ತು ನೋಯುವಷ್ಟು ಹೊತ್ತು ನೋಡಿದರೆ ಮಾತ್ರ ಬಣ್ಣ ಕಾಣುತ್ತದೆ.

ಆಮೇಲೆ ಕೆರೆಯ ಆಚೆ ದಡಕ್ಕೆ ನಡೆಯೋಣ. ಅಲ್ಲಿನ ಬಂಡೆಯ ಮೇಲೆ ಕಪ್ಪೆ ಅರಭಟ್ಟ ಎಂಬ ವೀರನನ್ನು ಹೊಗಳುವ ಶಾಸನವಿದೆ, ಸುಮಾರು ಕ್ರಿ.ಶ. 700ರದ್ದು. "ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ" ಎಂಬ ಸಾಲು ಶಾಲೆಯ ಪುಸ್ತಕದಲ್ಲಿ ಓದಿದ್ದು ನೆನಪಿರಬಹುದು. ನಮಗೆ ಸಿಕ್ಕಿರುವ ಅತ್ಯಂತ ಹಳೆಯ ತ್ರಿಪದಿ ಇದೇ. ಹಾಳೆಯಲ್ಲಿ ಓದುವುದೇ ಬೇರೆ, ಬಿಸಿಲು ಕಾಯ್ದ ಕಲ್ಲಿನೆದುರು ನಿಂತು ಗಟ್ಟಿಯಾಗಿ ಓದುವುದೇ ಬೇರೆ. ನಾಲಿಗೆ ತಡವರಿಸಿದರೂ ಸರಿ, ಎಲ್ಲರೂ ಒಮ್ಮೆ ಓದಬೇಕು.

ನೀರು, ಟೋಪಿ ತನ್ನಿ. ಕೋತಿಗಳಿವೆ, ತಿಂಡಿಯ ಪೊಟ್ಟಣ ಕೈಯಲ್ಲಿ ಬೇಡ.