ಮಕ್ಕಳ ಹೆಸರನ್ನು ಸರಿಯಾಗಿ ಕರೆಯೋಣ

ಮಾನ್ಯ ಸಂಪಾದಕರೇ,

ಶಾಲೆ ಶುರುವಾಗುವ ಹೊತ್ತಿಗೆ ಪುಸ್ತಕ ಬಂದಿಲ್ಲ, ಸಮವಸ್ತ್ರ ಬಂದಿಲ್ಲ, ಕೊಠಡಿ ಸೋರುತ್ತಿದೆ ಅಂತ ನಿಮ್ಮ ಪತ್ರಿಕೆಗೆ ಪತ್ರಗಳು ಬರುತ್ತವೆ. ಬರಲೇಬೇಕು. ನಾನು ಬರೆಯುತ್ತಿರುವುದು ಒಂದು ರೂಪಾಯಿ ಖರ್ಚಿಲ್ಲದ ಕೆಲಸದ ಬಗ್ಗೆ. ತರಗತಿಯಲ್ಲಿ ಮಕ್ಕಳ ಹೆಸರನ್ನು ಸರಿಯಾಗಿ ಕರೆಯುವುದು, ಅವರೂ ಒಬ್ಬರನ್ನೊಬ್ಬರು ಹಾಗೇ ಕರೆಯುವಂತೆ ಮಾಡುವುದು.

ನಾನು ಕಲಬುರಗಿ ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ಎಂಟನೇ ತರಗತಿಗೆ ಸುತ್ತಲಿನ ಹಳ್ಳಿಗಳಿಂದ, ತಾಂಡಾಗಳಿಂದ ಮಕ್ಕಳು ಬರುತ್ತಾರೆ. ಮನೆಯಲ್ಲಿ ಕನ್ನಡ ಮಾತಾಡುವವರು, ಉರ್ದು ಮಾತಾಡುವವರು, ಲಂಬಾಣಿ ಮಾತಾಡುವವರು, ಎಲ್ಲರೂ ಒಂದೇ ಕೋಣೆಯಲ್ಲಿ. ಆಳಂದದ ಕಡೆ ಹೋದರೆ ಮರಾಠಿ, ಸೇಡಂ ಕಡೆ ಹೋದರೆ ತೆಲುಗು ಸೇರುತ್ತದೆ. ಮೊದಲ ವಾರ ಯಾರ ಹೆಸರು ಯಾರಿಗೂ ಗೊತ್ತಿರುವುದಿಲ್ಲ.

ಕೆಲವು ವರ್ಷದ ಹಿಂದೆ ಇಂಥದೇ ಮೊದಲ ದಿನ. ಕೈಗೆ ಬಂದ ಪಟ್ಟಿ ಇಂಗ್ಲಿಷ್‌ನಲ್ಲಿತ್ತು. ಅವಸರದಲ್ಲಿ ಓದುತ್ತಾ ಹೋದೆ, ಒಂದು ಹೆಸರನ್ನು 'ಮಲಪ್ಪ' ಅಂತ ಓದಿಬಿಟ್ಟೆ. ಇಡೀ ತರಗತಿ ಗೊಳ್ಳೆಂದು ನಕ್ಕಿತು. ಹುಡುಗ ಏಳಲೇ ಇಲ್ಲ. ಎರಡು ಸಲ ಕರೆದೆ, ಆಮೇಲೆ ಗೈರುಹಾಜರಿ ಹಾಕಿದೆ. ಪಾಠ ಮುಗಿದು ಹೊರಗೆ ಬಂದಾಗ ಬಾಗಿಲ ಹತ್ತಿರ ನಿಂತಿದ್ದ. "ಮೇಡಂರೀ, ಅದು ನನ್ನ ಹೆಸರಲ್ರೀ. ಮಾಳಪ್ಪರೀ" ಅಂದ. ಅವರ ಮನೆದೇವರು ಮಾಳಿಂಗರಾಯ. ಅಪ್ಪ ಅಮ್ಮ ದೇವರ ಹೆಸರಿಟ್ಟಿದ್ದಾರೆ, ಅದನ್ನು ನಾನು ಎಲ್ಲರ ಮುಂದೆ ಹೊಲಸು ಮಾಡಿದ್ದೆ. ಕನ್ನಡ ಕಲಿಸುವವಳು ನಾನೇ. ಮರುದಿನ ತರಗತಿಯಲ್ಲೇ ತಪ್ಪಾಯ್ತು ಅಂತ ಹೇಳಿದೆ, ಆದರೂ ಆ ಅಡ್ಡಹೆಸರು ಅವನನ್ನು ಇಡೀ ವರ್ಷ ಬಿಡಲಿಲ್ಲ. (ಇಲ್ಲಿ ಬರೆದ ಹೆಸರುಗಳು ಆ ಮಕ್ಕಳವಲ್ಲ. ಅವರ ಹೆಸರು ಪತ್ರಿಕೆಯಲ್ಲಿ ಹಾಕುವ ಹಕ್ಕು ನನಗಿಲ್ಲ. ಆದರೆ ನಡೆದದ್ದು ಹೀಗೇ.)

ಆವತ್ತಿನಿಂದ ನಾನು ಒಂದು ಕೆಲಸ ಮಾಡುತ್ತಾ ಬಂದಿದ್ದೇನೆ. ಶಾಲೆ ಶುರುವಾದಾಗ ಹಿಂದಿನ ತರಗತಿಯ ಪಾಠ ನೆನಪು ಮಾಡಿಸುವ ಸೇತುಬಂಧದ ದಿನಗಳಲ್ಲಿ ಎರಡು ಪೀರಿಯಡ್ ಬರೀ ಹೆಸರಿಗೆ. ನಾನು ಪಟ್ಟಿ ಓದುವುದಿಲ್ಲ. ಮಗು ಎದ್ದು ತನ್ನ ಹೆಸರು ತಾನೇ ಹೇಳಬೇಕು, ನಾನು ಅದನ್ನು ಕೇಳಿದ ಹಾಗೆ ಕನ್ನಡದಲ್ಲಿ ಹಾಜರಿ ಪುಸ್ತಕದಲ್ಲಿ ಪೆನ್ಸಿಲ್‌ನಿಂದ ಬರೆದುಕೊಳ್ಳುತ್ತೇನೆ, ಬರೆದದ್ದನ್ನು ಓದಿ ತೋರಿಸುತ್ತೇನೆ, ಸರಿ ಇಲ್ಲ ಅಂದರೆ ಮತ್ತೆ ಬರೆಯುತ್ತೇನೆ. ಯಾರಿಟ್ಟರು, ಯಾಕಿಟ್ಟರು ಅಂತ ಹೇಳುವ ಮನಸ್ಸಿದ್ದರೆ ಹೇಳಲಿ, ಇಲ್ಲದಿದ್ದರೆ ಬೇಡ. ಒತ್ತಾಯ ಮಾಡಬಾರದು. ಆಮೇಲೆ ಪಕ್ಕದವರು ಆ ಹೆಸರು ಹೇಳಬೇಕು.

ಇಲ್ಲೇ ನಿಜವಾದ ಕಲಿಕೆ ಇರುವುದು. ಅಫ್ರೀನ್‌ಗೆ 'ಮಾಳಪ್ಪ' ಬರಲಿಲ್ಲ, 'ಮಾಲಪ್ಪ' ಅಂದಳು. ಉರ್ದುವಿನಲ್ಲಿ ಳ ಇಲ್ಲ ಅಲ್ವಾ. ಅವನಿಗೆ 'ಅಫ್ರೀನ್' ಬರಲಿಲ್ಲ, 'ಅಪ್ರೀನ್' ಅಂದ. ಮೇಲಿನ ಹಲ್ಲು ಕೆಳತುಟಿಗೆ ತಾಗಿಸಿ ಗಾಳಿ ಬಿಡು ಅಂತ ಅವಳು ತೋರಿಸಿದಳು. ನಾಲಿಗೆ ತುದಿ ಹಿಂದಕ್ಕೆ ಮಡಚು ಅಂತ ಅವನು ತೋರಿಸಿದ. ಐದಾರು ಸಲ ಪ್ರಯತ್ನ ಮಾಡಿದ ಮೇಲೆ ಇಬ್ಬರಿಗೂ ಬಂತು. ಆವತ್ತೂ ತರಗತಿ ನಕ್ಕಿತು, ಆದರೆ ಆ ನಗುವೇ ಬೇರೆ.

ನಮ್ಮ ಜಿಲ್ಲೆಯಲ್ಲಿ ಶರಣಬಸಪ್ಪ ಇಲ್ಲದ ತರಗತಿ ಸಿಗುವುದು ಕಷ್ಟ. ಒಂದು ವರ್ಷ ನನ್ನ ತರಗತಿಯಲ್ಲಿ ಮೂವರಿದ್ದರು. ಒಬ್ಬ ಉದ್ದ ಶರಣ, ಒಬ್ಬ ಗಿಡ್ಡ ಶರಣ, ಒಬ್ಬ ಕರಿ ಶರಣ. ಮಕ್ಕಳಷ್ಟೇ ಅಲ್ಲ, ಸ್ಟಾಫ್ ರೂಮಿನಲ್ಲೂ ಹಾಗೇ ಕರೆಯುತ್ತಿದ್ದರು. ನಿಮ್ಮನ್ನು ಹೇಗೆ ಕರೆಯಬೇಕು ಅಂತ ಆ ಮೂವರನ್ನೇ ಕೇಳಿದೆ. ಒಬ್ಬ ಊರಿನ ಹೆಸರು ಸೇರಿಸಿ ಅಂದ, ಒಬ್ಬ ಅಪ್ಪನ ಹೆಸರು ಅಂದ. ಕರಿ ಶರಣ ಅನಿಸಿಕೊಂಡವನು ಸ್ವಲ್ಪ ಹೊತ್ತು ಸುಮ್ನೆ ನಿಂತು, "ನನಗೆ ಬರೀ ಶರಣಬಸಪ್ಪ ಅನ್ರಿ ಸಾಕು" ಅಂದ.

ತಾಂಡಾದ ಹೆಣ್ಣುಮಕ್ಕಳದು ಬೇರೆ ಸಂಕಟ. ಹೆಸರಿನ ಕೊನೆಗೆ ಬಾಯಿ ಇದ್ದರೆ ಸಾಕು, 'ಬಾಯಿ ತೆಗಿ, ಬಾಯಿ ಮುಚ್ಚು' ಅಂತ ಹುಡುಗರು ಶುರು ಮಾಡುತ್ತಾರೆ. ಅದು ಗೌರವದ ಮಾತು, ಝಾನ್ಸಿ ರಾಣಿಯ ಹೆಸರಲ್ಲೂ ಇದೆ ಅಂತ ನಾವು ಹೇಳಿಕೊಡದಿದ್ದರೆ ಮಕ್ಕಳಿಗೆ ಹೇಗೆ ಗೊತ್ತಾಗಬೇಕು? ಒಬ್ಬ ಹುಡುಗಿ ತನ್ನ ಹೆಸರನ್ನೇ ಬದಲಿಸಿ ಅಂತ ಅಪ್ಪನನ್ನು ಕರೆದುಕೊಂಡು ಬಂದಿದ್ದಳು.

ನಮ್ಮಲ್ಲಿ 'ಹೆಸರಿಡೋದು' ಅಂದರೆ ಎರಡು ಅರ್ಥ. ತೊಟ್ಟಿಲಿಗೆ ಹಾಕಿ, ಸೋದರತ್ತೆ ಕಿವಿಯಲ್ಲಿ ಕುರ್ ಅಂದು ಹೆಸರಿಡುವುದು ಒಂದು. ತಪ್ಪು ಹುಡುಕಿ ಆಡಿಕೊಳ್ಳುವುದು ಇನ್ನೊಂದು. ಮನೆಯವರು ಮೊದಲನೆಯದನ್ನು ಮಾಡಿ ಕಳಿಸಿದ ಮಗುವಿಗೆ ಶಾಲೆಯಲ್ಲಿ ಎರಡನೆಯದು ಆಗುತ್ತಿದೆ. ಶಿಕ್ಷಣ ಹಕ್ಕು ಕಾಯ್ದೆ ಬಂದದ್ದು 2009ರಲ್ಲಿ. ಮಗುವಿಗೆ ಹೊಡೆಯುವುದಷ್ಟೇ ಅಲ್ಲ, ಮಾನಸಿಕ ಹಿಂಸೆ ಕೊಡುವುದೂ ತಪ್ಪು ಅಂತ ಅದರ 17ನೇ ಸೆಕ್ಷನ್ ಹೇಳುತ್ತದೆ. ಬಣ್ಣ, ಜಾತಿ, ತಾಂಡಾ ಹಿಡಿದು ಕರೆಯುವುದು ಹಿಂಸೆ ಅಲ್ಲದೆ ಇನ್ನೇನು?

ನಮ್ಮ ಊರಿನ ಹೆಸರು ಗುಲ್ಬರ್ಗ ಅಲ್ಲ, ಕಲಬುರಗಿ ಅಂತ ಎಷ್ಟು ವರ್ಷ ಕೇಳಿದೆವು. 2014ರ ನವೆಂಬರ್ 1ರಂದು ಅದು ಆಯಿತು. ಈಗಲೂ ಯಾರಾದರೂ ಹಳೇ ಹೆಸರು ಹೇಳಿದರೆ ತಿದ್ದುತ್ತೇವೆ. ಊರಿಗೆ ಇಷ್ಟು ಮಾಡಿದವರು ಮಕ್ಕಳಿಗೂ ಮಾಡೋಣ.

ಹೆಸರು ಹೇಳಲು ಕಷ್ಟ ಅಂತ ಮೊಟಕು ಮಾಡುವವರಿಗೆ, ರೋಲ್ ನಂಬರಿನಿಂದಲೇ ಕರೆಯುವವರಿಗೆ ನನ್ನ ಮಾತು ಇಷ್ಟೇ. ಗೊತ್ತಾಗದಿದ್ದರೆ ಮಗುವನ್ನೇ ಕೇಳಿ. ಎರಡನೇ ಸಲ ಕೇಳಿದರೂ ಅದಕ್ಕೆ ಬೇಜಾರಾಗುವುದಿಲ್ಲ, ಖುಷಿಯೇ ಆಗುತ್ತದೆ. ನಾನು ನೋಡಿದ್ದೇನೆ.

ಇನ್ನೊಂದು ಮಾತು ಇಲಾಖೆಯವರಿಗೆ. ಹತ್ತನೇ ತರಗತಿಯ ಅಂಕಪಟ್ಟಿಯಲ್ಲಿ ಹೆಸರಿನ ಒಂದು ಅಕ್ಷರ ತಪ್ಪಾದರೆ ಮುಂದೆ ಕಾಲೇಜು, ನೌಕರಿ ಎಲ್ಲ ಕಡೆ ಅದು ಬೆನ್ನು ಹತ್ತುತ್ತದೆ. ತಿದ್ದಿಸಲು ಪಾಲಕರು ಕೂಲಿ ಬಿಟ್ಟು ಕಚೇರಿಗೆ ಅಲೆಯಬೇಕು. ಪರೀಕ್ಷೆ ಹತ್ತಿರ ಬಂದಾಗ ಅವಸರ ಮಾಡುವ ಬದಲು, ಎಂಟನೇ ತರಗತಿಗೆ ಸೇರಿದ ತಿಂಗಳಲ್ಲೇ ಪಾಲಕರನ್ನು ಒಂದು ಸಂಜೆ ಕರೆದು, ಪ್ರತಿ ಹೆಸರನ್ನೂ ಜೋರಾಗಿ ಓದಿ ಹೇಳಿ, ತಪ್ಪಿದ್ದರೆ ಆಗಲೇ ತಿದ್ದಿಸಿ ಅಂತ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಗಳಿಂದ ಎಲ್ಲ ಶಾಲೆಗಳಿಗೂ ಒಂದು ಸುತ್ತೋಲೆ ಬರಲಿ.

ಕನ್ನಡ ಶಿಕ್ಷಕಿ,
ಕಲಬುರಗಿ