ಮಾತು ಬಾಯಿಗೆ ಬರುವ ಮುಂಚೆ: ಗೆಳೆಯನಿಗೊಂದು ಪತ್ರ

ಪ್ರೀತಿಯ ದೋಸ್ತಾ,

ನೀನು ಕಳಿಸಿದ ಹಣ ಮುಟ್ಟಿತು. ರಸೀದಿ ನಂಬರ್ 41. ಖಜಾಂಚಿಗಳು ನಿನ್ನ ಹೆಸರಿನ ಮುಂದೆ 'ಶ್ರೀಯುತ' ಅಂತ ದೊಡ್ಡ ಅಕ್ಷರದಲ್ಲಿ ಬರೆದಿದ್ದಾರೆ. ಛತ್ರಿಯ ವಿಷಯ ಅವರಿಗಿನ್ನೂ ಗೊತ್ತಿಲ್ಲ, ನಾನೂ ಹೇಳಿಲ್ಲ.

ಫೋನಿನಲ್ಲಿ ಹೇಳೋಣ ಅಂತ ಎರಡು ಸಲ ಹೊರಟೆ. ಆಗಲಿಲ್ಲ. ಬರೆದರೆ ಸರಿಯಾಗಿ ಬಂದೀತು ಅನ್ನಿಸಿತು. ಎಲ್ಲರೆದುರು ಹಾಕುತ್ತಿದ್ದೇನೆ, ಯಾಕಂದ್ರೆ ದುಡ್ಡು ಕೊಟ್ಟವರು ಊರೂರಲ್ಲಿ ಇದ್ದಾರೆ, ಅಜ್ಜನ ಮೂರ್ತಿಯ ಕೆಲಸ ಎಲ್ಲಿಗೆ ಬಂತು ಅಂತ ದಿನಾ ಕೇಳುತ್ತಿದ್ದಾರೆ. ಅಜ್ಜನ ಹೆಸರು ಮಾತ್ರ ಬರೆಯುವುದಿಲ್ಲ. ಅವರ ಮಗಳು, ನಮ್ಮ ಅಕ್ಕ, ಬೇಡ ಅಂದಿದ್ದಾರೆ. ಯಕ್ಷಗಾನದ ನಮ್ಮ ಹಾಸ್ಯಗಾರಜ್ಜ ಅಂದರೆ ನಿನಗೆ ಸಾಕು. ಉಳಿದವರು ತಮ್ಮ ತಮ್ಮ ಊರಿನ ಹಾಸ್ಯಗಾರನನ್ನು ನೆನಪು ಮಾಡಿಕೊಂಡು ಓದಿಕೊಳ್ಳಲಿ.

ಮೊದಲ ಸಭೆಯಿಂದಲೇ ಶುರು ಮಾಡುತ್ತೇನೆ. ಮೂರ್ತಿ ಆಗಬೇಕು ಅನ್ನುವುದರಲ್ಲಿ ಯಾರಿಗೂ ತಕರಾರಿರಲಿಲ್ಲ. ಎತ್ತರಕ್ಕೆ ಬಂದಾಗ ಜಗಳ. ಹನ್ನೆರಡು ಅಡಿ ಬೇಕು ಅಂತ ಅರ್ಧ ಜನ. ನಮ್ಮ ಕಡೆಯವರ ಕಣ್ಣು ಮುರುಡೇಶ್ವರಕ್ಕೆ ಒಗ್ಗಿದ್ದು, ಅಲ್ಲಿ ಶಿವ 123 ಅಡಿ. ಅದನ್ನು ನೋಡಿ ಬಂದವರಿಗೆ ಐದಡಿಯ ಮೂರ್ತಿ ಅಂದರೆ ಅವಮಾನ ಮಾಡಿದ ಹಾಗೆ. ಒಬ್ಬರಂತೂ ಫೈಬರಿನಲ್ಲಿ ಮಾಡಿಸಿ ಬಂಗಾರದ ಬಣ್ಣ ಹೊಡೆಸೋಣ, ಅರ್ಧ ದುಡ್ಡಲ್ಲಿ ಮುಗಿಯುತ್ತದೆ ಅಂದರು. ನಾನು ಎದ್ದು ನಿಂತೆ. ಅಜ್ಜ ಐದಡಿ ನಾಲ್ಕು ಇಂಚು ಇದ್ದರು, ರಂಗಸ್ಥಳಕ್ಕೆ ಬಂದರೆ ಕಿರೀಟದ ವೇಷಕ್ಕಿಂತ ದೊಡ್ಡದಾಗಿ ಕಾಣುತ್ತಿದ್ದರು, ಆ ಎತ್ತರ ನಾವು ಕೊಟ್ಟಿದ್ದಲ್ಲ, ಈಗ ನಾವು ಕೂಡಿಸುವುದೂ ಬೇಡ ಅಂದೆ. ಕೈ ನಡುಗುತ್ತಿತ್ತು ಮಾರಾಯಾ.

ನೀನು ಕಳಿಸಿದ ಫೋಟೋ ಅವತ್ತು ಕೆಲಸಕ್ಕೆ ಬಂತು. ಇಂಗ್ಲೆಂಡಿನ ಮೋರ್ಕಮ್ ಊರಿನ ಸಮುದ್ರದ ದಂಡೆ, ಎರಿಕ್ ಮೋರ್ಕಮ್‌ನ ಕಂಚಿನ ಮೂರ್ತಿ, ಪಕ್ಕದಲ್ಲಿ ಅವನ ಹಾಗೇ ಒಂದು ಕಾಲೆತ್ತಿ ನಿಂತ ನೀನು. ಎಲ್ಲರಿಗೂ ತೋರಿಸಿದೆ. ನಗಿಸುವುದೇ ಕಸುಬಾಗಿದ್ದ ಮನುಷ್ಯ, ಊರಿನ ಹೆಸರನ್ನೇ ತನ್ನ ಹೆಸರಿಗೆ ಇಟ್ಟುಕೊಂಡವನು, ಊರಿನವರು ಅವನನ್ನು ಕುಣಿಯುವ ಭಂಗಿಯಲ್ಲೇ ನಿಲ್ಲಿಸಿದ್ದಾರೆ, 1999ರಲ್ಲಿ ರಾಣಿಯೇ ಬಂದು ಪರದೆ ತೆಗೆದಳು ಅಂತೆಲ್ಲ ವಿವರಿಸಿದೆ. ಯಾರ ಮೇಲೂ ರಾಣಿಯ ಪ್ರಭಾವ ಆಗಲಿಲ್ಲ. ಆದರೆ ನೀನು ಕಾಲೆತ್ತಿದ್ದು ಆಯಿತು. ಹಿರಿಯರೊಬ್ಬರು ಫೋನನ್ನು ಕಣ್ಣಿನ ಹತ್ತಿರ ತಂದು ನೋಡಿ, "ಓ, ಮೂರ್ತಿ ಪಕ್ಕ ನಿಂತವರೂ ಕುಣಿಯಬಹುದೋ" ಅಂದರು. ಅಲ್ಲಿಗೆ ಹನ್ನೆರಡು ಅಡಿ ಬಿತ್ತು.

ಹಾಸ್ಯಗಾರನಿಗೆ ಮೂರ್ತಿ ಅಂದರೆ ನಮ್ಮ ಕರಾವಳಿಗೆ ಹೊಸ ಮಾತೇನಲ್ಲ. ನೆನಪಿದೆಯಾ, 2009ರಲ್ಲಿ ಬೈಂದೂರಿನ ಒತ್ತಿನೆಣೆಯ ಹತ್ತಿರ ಸಿನಿಮಾಕ್ಕಾಗಿ 67 ಅಡಿಯ ಚಾಪ್ಲಿನ್ ನಿಲ್ಲಿಸಲು ಹೊರಟಿದ್ದರು. ಚಾಪ್ಲಿನ್ ಯಾವ ಧರ್ಮದವನು ಅಂತ ತಕರಾರು ಎದ್ದು ಕೆಲಸ ನಿಂತಿತು. ನಾವಿಬ್ಬರೂ ಅದರ ಸುದ್ದಿ ಓದಿ ಎಷ್ಟು ಬೇಜಾರು ಮಾಡಿಕೊಂಡಿದ್ದೆವು. ಆ ಭಯ ನನಗೆ ಈ ಸಲವೂ ಇತ್ತು. ನಮ್ಮ ಅಜ್ಜನ ವಿಷಯದಲ್ಲಿ ಹಾಗಾಗಲಿಲ್ಲ. ಚಂದಾ ಪಟ್ಟಿ ನೋಡಿದರೆ ನಿನಗೇ ಗೊತ್ತಾಗುತ್ತದೆ, ಮೀನು ಮಾರುವ ಹೆಂಗಸರಿಂದ ಹಿಡಿದು ಭಟ್ಟರ ಮನೆಯವರೆಗೆ, ಸಾಬರ ಪೇಟೆಯಿಂದ ಇಗರ್ಜಿ ಕೇರಿಯವರೆಗೆ ಎಲ್ಲ ಹೆಸರೂ ಇದೆ.

ಜಾಗದ್ದು ಇನ್ನೊಂದು ಕಥೆ. ಸರ್ಕಲ್ಲಿನಲ್ಲೇ ಇಡೋಣ ಅಂತ ಎಲ್ಲರ ಆಸೆ. ಆದರೆ ರಸ್ತೆ, ಫುಟ್‌ಪಾತ್, ಸಾರ್ವಜನಿಕರು ಬಳಸುವ ಜಾಗದಲ್ಲಿ ಹೊಸ ಪ್ರತಿಮೆಗೆ ಸರಕಾರಗಳು ಅನುಮತಿ ಕೊಡಬಾರದು ಅಂತ 2013ರ ಜನವರಿ 18ರಂದೇ ಸುಪ್ರೀಂ ಕೋರ್ಟ್ ಹೇಳಿದೆ. ನನಗೆ ಒಳಗೊಳಗೇ ಖುಷಿಯಾಯಿತು. ಸರ್ಕಲ್ಲಿನಲ್ಲಿ ಹೊಗೆ ಕುಡಿಯುತ್ತಾ, ವರ್ಷಕ್ಕೊಮ್ಮೆ ಹಾರ ಹಾಕಿಸಿಕೊಂಡು ನಿಲ್ಲುವುದು ಅವರಿಗೆ ಒಪ್ಪುವ ಕೆಲಸವಲ್ಲ. ಕೊನೆಗೆ ಆಟ ಆಗುತ್ತಿದ್ದ ಗದ್ದೆಯ ಮೂಲೆಯನ್ನು ಆ ಮನೆಯವರೇ ಬಿಟ್ಟುಕೊಟ್ಟರು. ಚೌಕಿ, ಅಂದರೆ ವೇಷ ಹಾಕಿಕೊಳ್ಳುವ ಬಿಡಾರ, ಕಟ್ಟುತ್ತಿದ್ದ ಮೂಲೆ. ನೀನೂ ನಾನೂ ತಟ್ಟಿ ಸರಿಸಿ ಒಳಗೆ ಇಣುಕುತ್ತಿದ್ದೆವಲ್ಲ, ಅದೇ ಜಾಗ. ಕಟ್ಟೆ ಬೇಡ ಅಂತ ಹಟ ಹಿಡಿದು ಒಪ್ಪಿಸಿದ್ದೇನೆ. ನೆಲದ ಮೇಲೇ ನಿಲ್ಲುತ್ತಾರೆ. ಮಕ್ಕಳಿಗೆ ಕೈ ಸಿಗಬೇಕು.

ಕಂಚಿಗೇ ಪಟ್ಟು ಹಿಡಿದಿದ್ದು ಸುಮ್ನೆ ಅಲ್ಲ. ಉಪ್ಪುಗಾಳಿ ಏನು ಮಾಡುತ್ತದೆ ಅಂತ ನಮ್ಮ ಮನೆಯ ಕಿಟಕಿ ಸರಳು ನೋಡಿದರೆ ಸಾಕು. ಮಹಾರಾಷ್ಟ್ರದ ಕರಾವಳಿಯ ಮಾಲ್ವಣದಲ್ಲಿ 35 ಅಡಿಯ ಶಿವಾಜಿ ಪ್ರತಿಮೆ 2023ರ ಡಿಸೆಂಬರಿನಲ್ಲಿ ನಿಂತು, ಮುಂದಿನ ಆಗಸ್ಟಿನ ಮಳೆಗಾಳಿಗೆ ಬಿದ್ದೇ ಹೋಯಿತು. ಅದನ್ನು ಟೀವಿಯಲ್ಲಿ ನೋಡಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಮ್ಮ ಶಿಲ್ಪಿ ಘಟ್ಟದ ಮೇಲಿನವರು, ನಿಧಾನದ ಮನುಷ್ಯ. ಕಂಚು ಹಸಿರಾಗುತ್ತದೆ, ಆಗಲಿ, ಅದು ಅದರ ಚರ್ಮ ಅಂದರು. ಬಯಲಲ್ಲಿ ನಿಲ್ಲಿಸುವ ಮೂರ್ತಿ ಮನುಷ್ಯನ ಅಳತೆಗಿಂತ ಸ್ವಲ್ಪ ದೊಡ್ಡದು ಇರಬೇಕು, ಇಲ್ಲದಿದ್ದರೆ ಆಕಾಶದ ಕೆಳಗೆ ಸಣ್ಣದಾಗಿ ಕಾಣುತ್ತದೆ ಅಂತಲೂ ಹೇಳಿದರು. ಹಾಗಾಗಿ ಅಜ್ಜ ಈಗ ಆರಡಿ ದಾಟಿದ್ದಾರೆ. ಅವರಿಗೆ ಗೊತ್ತಾಗಿದ್ದರೆ ಎದುರು ವೇಷದವನ ಹತ್ತಿರ ಎಷ್ಟು ಕೊಚ್ಚಿಕೊಳ್ಳುತ್ತಿದ್ದರೋ.

ವೇಷ ಇರಬೇಕೋ ಬೇಡವೋ ಅನ್ನುವುದು ಎಲ್ಲಕ್ಕಿಂತ ಕಷ್ಟದ್ದಾಯಿತು. ಯಕ್ಷಗಾನ ಅಂದರೆ ಬಣ್ಣ. ಅರದಾಳ, ಇಂಗಳೀಕ, ಕಾಡಿಗೆ. ಕಂಚಿಗೆ ಒಂದೇ ಬಣ್ಣ. ರಾಜವೇಷವಾದರೆ ಕಿರೀಟ, ಭುಜಕೀರ್ತಿ, ಎದೆಕಟ್ಟು ಅಂತ ಆಕಾರದಲ್ಲೇ ಗೊತ್ತಾಗುತ್ತದೆ. ಹಾಸ್ಯಗಾರನಿಗೆ ಏನಿದೆ? ಒಂದು ಟೊಪ್ಪಿ, ಒಂದು ಕೋಲು, ಉಳಿದಿದ್ದೆಲ್ಲ ಮುಖ. ಆ ಮುಖ ಒಂದು ಕ್ಷಣ ಇದ್ದ ಹಾಗೆ ಇನ್ನೊಂದು ಕ್ಷಣ ಇರುತ್ತಿರಲಿಲ್ಲ. ಯಾವುದನ್ನು ಅಂತ ಹಿಡಿಯುವುದು? ಕೊನೆಗೆ ಪಂಚೆ, ಹೆಗಲ ಮೇಲೊಂದು ಟವೆಲು, ಮನೆಯಲ್ಲಿ ಇದ್ದ ಹಾಗೇ ಇರಲಿ ಅಂತ ಆಯಿತು.

ಫೋಟೋ ಹುಡುಕಿದರೆ ಮೂರೇ ಮೂರು ಸಿಕ್ಕವು. ಚುನಾವಣಾ ಗುರುತಿನ ಚೀಟಿಯದ್ದು ಒಂದು. ಮಗಳ ಮದುವೆಯದ್ದು ಒಂದು, ಅದರಲ್ಲಿ ಅರ್ಧ ಮುಖಕ್ಕೆ ಬಾಳೆ ಎಲೆ ಅಡ್ಡ. ಮೇಳದ ಗುಂಪಿನದ್ದು ಒಂದು, ಅದರಲ್ಲಿ ಬೇರೆ ಕಡೆ ನೋಡುತ್ತಿದ್ದಾರೆ. ಇಷ್ಟು ವರ್ಷ ಕುಣಿದವರಿಗೆ ಮೂರು ಫೋಟೋ! ಮೇಳದ ಹಳೆಯ ಫೋಟೋಗ್ರಾಫರ್ ಒಬ್ಬರನ್ನು ಕೇಳಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, "ಅವರು ಬಂದರೆ ನಾವು ಕ್ಯಾಮೆರಾ ಕೆಳಗಿಟ್ಟು ನಗುತ್ತಿದ್ದೆವು" ಅಂದರು.

ಆಗ ನನ್ನ ಫೋನಿನಲ್ಲಿದ್ದ ವಿಡಿಯೋ ಕೊಟ್ಟೆ. ನಿನಗೂ ಕಳಿಸಿದ್ದೆನಲ್ಲ, ಅಜ್ಜನ ಮನೆ ಅಂಗಳದ್ದು. 52 ಸೆಕೆಂಡು. ಅಡಿಕೆ ಒಣಗಿಸಿದ್ದಾರೆ, ಪಕ್ಕದಲ್ಲಿ ಅಜ್ಜ ನಿಂತು ಬಾಹುಕನ ಮಾತು ಹೇಳುತ್ತಿದ್ದಾರೆ. ಕಾರ್ಕೋಟಕ ಸರ್ಪ ಕಚ್ಚಿ ರೂಪ ಕಳಕೊಂಡ ನಳ. ನಗಿಸುತ್ತಾ ನಗಿಸುತ್ತಾ ಜನರನ್ನು ಅಳಿಸುತ್ತಿದ್ದ ಅದೇ ಪಾತ್ರ. ಕೊನೆಗೆ ಬಲಗೈ ಎತ್ತುತ್ತಾರೆ, ಎಡಗೈಯಲ್ಲಿ ಪಂಚೆಯ ತುದಿ, ತಲೆ ಸ್ವಲ್ಪ ವಾರೆ, ಬಾಯಿ ಅರ್ಧ ತೆರೆದಿದೆ. ಅಲ್ಲಿಗೆ ವಿಡಿಯೋ ಮುಗಿಯುತ್ತದೆ. ಶಿಲ್ಪಿ ಅದನ್ನು ಎಷ್ಟು ಸಲ ನೋಡಿದರೋ. "ಇದೇ ಸರ್, ನಗೆ ಹುಟ್ಟುವ ಮುಂಚಿನ ಗಳಿಗೆ. ಇದಕ್ಕಿಂತ ಬೇರೆ ಭಂಗಿ ಬೇಡ" ಅಂದರು. ಸಮಿತಿಯವರೂ ಕುಣಿದಾಡಿದರು. ಏನು ಟೈಮಿಂಗ್ ಅಂತ ನೀನೂ ಬರೆದಿದ್ದೆ.

ದೋಸ್ತಾ, ಅದು ಟೈಮಿಂಗ್ ಅಲ್ಲ. ಅಜ್ಜನಿಗೆ ಮಾತು ಮರೆತುಹೋಗಿತ್ತು.

ಫೋನ್ ಬಂತು, ಅದಕ್ಕೇ ವಿಡಿಯೋ ನಿಂತಿತು ಅಂತ ಎಲ್ಲರಿಗೂ ಹೇಳಿದ್ದೇನೆ. ನಿನಗೂ. ಯಾವ ಫೋನೂ ಬಂದಿರಲಿಲ್ಲ. ಅಜ್ಜ ಕೈ ಎತ್ತಿದರು, ನಾನು ಆ ಮಾತಿಗೆ ಕಾದೆ, ಅದು ಬರಲಿಲ್ಲ. ನಮ್ಮ ಆ ಮಾತು. ಚಾಪೆಯ ಮೇಲೆ ಅರ್ಧ ನಿದ್ದೆಯಲ್ಲಿದ್ದವರೂ ಎದ್ದು ಕೂತು ಅವರ ಜೊತೆ ಹೇಳುತ್ತಿದ್ದ ಮಾತು. ಅಜ್ಜ ನನ್ನ ಕಡೆ ನೋಡಿದರು. ರಂಗಸ್ಥಳದಲ್ಲಿ ಮಾತು ತಪ್ಪಿದರೆ ವೇಷಧಾರಿ ಪದ್ಯ ಹಾಡುವ ಭಾಗವತರ ಕಡೆ ನೋಡುತ್ತಾನಲ್ಲ, ಹಾಗೆ. ಭಾಗವತರಾದರೆ ಒಂದು ಶಬ್ದ ಎತ್ತಿ ಕೊಡುತ್ತಾರೆ, ಇಲ್ಲ ಪದ್ಯ ಶುರು ಮಾಡುತ್ತಾರೆ, ಕೂತವರಿಗೆ ಗೊತ್ತೇ ಆಗುವುದಿಲ್ಲ. ನನಗೆ ಆ ಮಾತು ಬಾಯಿಪಾಠ. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಮೊದಲ ಶಬ್ದ ಕೊಟ್ಟಿದ್ದರೆ ಸಾಕಿತ್ತು.

ನಾನು ಕೊಡಲಿಲ್ಲ. "ಸಾಕು ಅಜ್ಜಾ, ಚೆನ್ನಾಗಿ ಬಂತು" ಅಂದು ಫೋನನ್ನು ಕಿಸೆಗೆ ಹಾಕಿಕೊಂಡೆ. ಅವರು ಹಾಗೆ ನಿಂತಿದ್ದನ್ನು ನನಗೆ ನೋಡಲಾಗಲಿಲ್ಲ. ಚಾ ಕೂಡ ಕುಡಿಯದೆ ಹೊರಟೆ. ಆಮೇಲೆ ಆ ಮನೆಗೆ ಹೋಗಲೇ ಇಲ್ಲ. ಎಂಟು ತಿಂಗಳು ಇದ್ದರು ಅಜ್ಜ. ನನ್ನ ಮನೆಯಿಂದ ಬೈಕಿನಲ್ಲಿ ಹತ್ತು ನಿಮಿಷದ ದಾರಿ.

ಕಳೆದ ಭಾನುವಾರ ಮಣ್ಣಿನ ಮಾದರಿ ನೋಡಲು ಕರೆದಿದ್ದರು. ಅಕ್ಕನನ್ನು ಕರಕೊಂಡು ಹೋಗಿದ್ದೆ. ಮಣ್ಣು ಒಣಗಿ ಬಿರುಕು ಬಿಡಬಾರದು ಅಂತ ತಲೆಯಿಂದ ಕಾಲಿನವರೆಗೆ ಒದ್ದೆ ಬಟ್ಟೆ ಸುತ್ತಿ, ಮೇಲೆ ಪ್ಲಾಸ್ಟಿಕ್ ಹೊದಿಸಿದ್ದರು. ಶಿಲ್ಪಿ ಕೆಳಗಿನಿಂದ ಬಿಚ್ಚುತ್ತಾ ಬಂದರು. ಮೊದಲು ಪಾದ. ಹೆಬ್ಬೆರಳು ಸ್ವಲ್ಪ ಮೇಲೆದ್ದಿತ್ತು, ಅಜ್ಜನದ್ದು ಹಾಗೇ. ಆಮೇಲೆ ಪಂಚೆ ಹಿಡಿದ ಬೆರಳು. ಕೊನೆಗೆ ಮುಖದ ಬಟ್ಟೆ ತೆಗೆದಾಗ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಒದ್ದೆ ಬಟ್ಟೆಯ ನೀರು, ಅಷ್ಟೇ. ನಾನು ಗೋಡೆ ಕಡೆ ತಿರುಗಿದೆ.

ಅಕ್ಕ ತುಂಬ ಹೊತ್ತು ನೋಡಿದರು. ಎತ್ತಿದ ಕೈಯ ಮೊಣಕೈಯನ್ನು ಮೆಲ್ಲಗೆ ಮುಟ್ಟಿದರು. "ಕೊನೆಕೊನೆಗೆ ಅಪ್ಪ ಅಡುಗೆಮನೆ ಬಾಗಿಲಲ್ಲಿ ಬಂದು ಹೀಗೇ ನಿಲ್ಲುತ್ತಿದ್ದರು. ಯಾಕೆ ಬಂದೆ ಅಂತ ಮರೆತು" ಅಂದರು.

ಅವರಿಗೆ ಗೊತ್ತಿತ್ತು. ಅವತ್ತು ಬಾಗಿಲಲ್ಲೇ ಇದ್ದರಂತೆ, ಚಾ ಲೋಟ ಹಿಡಕೊಂಡು. ಏನು ಹೇಳಬೇಕು ಅಂತ ನನಗೆ ತಿಳಿಯಲಿಲ್ಲ. ಅಕ್ಕ ಬೈಯಲೂ ಇಲ್ಲ. "ನೀನು ಗೇಟು ದಾಟಿದ ಮೇಲೆ ಅಪ್ಪನಿಗೆ ಮಾತು ನೆನಪಾಯ್ತು ಕಣೋ. ಅಡಿಕೆ ಮುಂದೆ ನಿಂತು ಪೂರ್ತಿ ಹೇಳಿದರು. ಆಮೇಲೆ ನೀನು ಎಲ್ಲಿ ಅಂತ ಕೇಳಿದರು" ಅಂದರು.

ಇಷ್ಟು ಬರೆಯಬೇಕು ಅಂತ ಕೂತಿರಲಿಲ್ಲ. ಮೂರ್ತಿಯ ಸುದ್ದಿ ಹೇಳಿ ಮುಗಿಸುವವನಿದ್ದೆ.

ಶಿಲ್ಪಿಗೆ ಎಲ್ಲ ಹೇಳಿದೆ. ಭಂಗಿ ಬದಲಿಸೋಣವಾ, ಈಗಲಾದರೆ ಮಣ್ಣು, ಆಮೇಲೆ ಆಗುವುದಿಲ್ಲ ಅಂದರು. ಇನ್ನು ಅಚ್ಚು ತೆಗೆಯುತ್ತಾರೆ, ಅಚ್ಚಿಗೆ ಮೇಣ, ಮೇಣ ಕರಗಿ ಹೋದ ಜಾಗಕ್ಕೆ ಸಾವಿರ ಡಿಗ್ರಿ ದಾಟಿ ಕಾದ ಕಂಚು. ನಾನು ಅಕ್ಕನ ಮುಖ ನೋಡಿದೆ. "ಬಾಯಿ ಹಾಗೇ ಇರಲಿ" ಅಂದರು. ಹಾಗೇ ಇರುತ್ತದೆ.

ಆ ಮಾತನ್ನು ಕಲ್ಲಿನಲ್ಲಿ ಕೆತ್ತಿಸಿ ಪಕ್ಕದಲ್ಲಿ ನೆಡೋಣ ಅಂತ ಸಮಿತಿಯವರು ಕೇಳಿದರು. ಬೇಡ ಅಂದೆ. ಗೊತ್ತಿದ್ದವರು ಎದುರು ನಿಂತು ಹೇಳಲಿ. ಗೊತ್ತಿಲ್ಲದ ಮಕ್ಕಳು ಮನೆಯ ಹಿರಿಯರನ್ನು ಕೇಳಲಿ.

ದೀಪಾವಳಿ ಕಳೆದು ಮೇಳಗಳು ತಿರುಗಾಟಕ್ಕೆ ಹೊರಡುವ ಹೊತ್ತಿಗೆ ಪರದೆ ತೆಗೆಯುವುದು ಅಂತ ಮಾತಾಗಿದೆ. ಭಾಷಣ ಒಂದೇ, ಅದೂ ಐದು ನಿಮಿಷ. ಆಮೇಲೆ ಬೆಳಗಿನವರೆಗೆ ಆಟ. ನೀನು ರಜೆ ಹಾಕು. ಪರದೆ ತೆಗೆದ ಕೂಡಲೇ ಮೊದಲ ಸಲ ಆ ಮಾತು ಹೇಳುವುದು ನಾನು, ಇದನ್ನು ಯಾರಿಗೂ ಬಿಟ್ಟುಕೊಡುವುದಿಲ್ಲ. ಅರ್ಧಕ್ಕೆ ಗಂಟಲು ಕಟ್ಟಿದರೆ ಉಳಿದರ್ಧ ನೀನು ಎತ್ತಿಕೊ. ಅಲ್ಲಿ ಚಳಿಯಲ್ಲಿ ಇದ್ದು ರಾಗ ಮರೆತಿದ್ದೀಯೋ ಏನೋ, ಈಗಿಂದಲೇ ಅಭ್ಯಾಸ ಮಾಡು.

ಎಡಗಡೆಯ ಮಾವಿನ ಮರದ ಕೆಳಗೆ ಇಬ್ಬರಿಗೆ ಚಾಪೆ ಹಾಸಿ ಇಟ್ಟಿರುತ್ತೇನೆ. ಶೇಂಗಾ ನನ್ನದು, ಸ್ವೆಟರ್ ನಿನ್ನದು. ಮಳೆ ಬಂದರೂ ಸರಿ, ಛತ್ರಿ ಮಾತ್ರ ತರಬೇಡ ಮಾರಾಯಾ.

ಇಂತಿ,
ನಿನ್ನ ಪಕ್ಕದ ಚಾಪೆಯವ